ಸಂಡಿಗೆ ಕಾಯಲು ಹೋದ ನಾಯಿ

ನಮ್ಮೂರಿನಲ್ಲಿ ನನ್ನನ್ನು ಕಂಡರೆ ಜನ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಗೌರವಕ್ಕಲ್ಲ, ನನ್ನ ಬಾಯಿಗೆ. ಜಗಳೂರು ಕಡೆಯಿಂದ ಸೊಸೆಯಾಗಿ ಬಂದವಳು ನಾನು. ಬಂದ ಹೊಸದರಲ್ಲಿ ಯಾರೋ 'ಜಗಳೂರಿನವಳು, ಜಗಳಕ್ಕೇ ಹುಟ್ಟಿದವಳು' ಎಂದು ತಮಾಷೆ ಮಾಡಿದರು. ಅಲ್ಲೇ ನಿಲ್ಲಿಸಿ ನೀರಿಳಿಸಿದೆ. ಅಲ್ಲಿಗೆ ತಮಾಷೆ ಹೋಗಿ, ಗಾದ್ರಮ್ಮ ಎಂಬ ನನ್ನ ಹೆಸರಿಗೆ ಅದೇ ಅಡ್ಡಹೆಸರಾಯಿತು. ಗಂಡ ಹೋದ ಮೇಲೆ ಹಿಟ್ಟಿನ ಗಿರಣಿ ನಾನೇ ನಡೆಸುತ್ತಿದ್ದೇನೆ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಮೆಲ್ಲಗೆ ಮಾತಾಡುವುದು ಹೇಗೆಂಬುದೇ ಮರೆತುಹೋಗಿದೆ.

ಗಿರಣಿಯಲ್ಲಿ ನನ್ನ ಜೊತೆ ಇದ್ದವನು ಅಮಲ್ದಾರ. ನಾಯಿ. ದಟ್ಟ ಕರಿ ಕೂದಲು, ಕತ್ತಿನ ಕೆಳಗೆ ಮಾತ್ರ ಬಿಳಿ. ಕಟ್ಟೆಯ ಮೇಲೆ ಮುಂಗಾಲು ಚಾಚಿ ಕೂತು, ಹಿಟ್ಟಿನ ಡಬ್ಬಿ ಹಿಡಿದು ಬಂದವರನ್ನೆಲ್ಲ ಅರ್ಜಿ ಕೊಡಲು ಬಂದವರ ಹಾಗೆ ಮೇಲಿಂದ ಕೆಳಗೆ ನೋಡುತ್ತಿದ್ದ. ಅದಕ್ಕೇ ಆ ಹೆಸರು. ಯಾರನ್ನೂ ಕಚ್ಚಿದವನಲ್ಲ. ಮಂಗಗಳೆಂದರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ, ಅವು ತೆಂಗಿನ ಮರ ಹತ್ತುವವರೆಗೂ ಅಟ್ಟಿಕೊಂಡು ಹೋಗುತ್ತಿದ್ದ.

ಈ ಬೇಸಿಗೆಯ ಬಿಸಿಲು ಹೇಗಿತ್ತೆಂದರೆ ಬೆಳಗಿನ ತಿಂಡಿ ಮುಗಿಯುವಷ್ಟರಲ್ಲೇ ಗಿರಣಿಯ ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ನಾನು ಅಮಲ್ದಾರನಿಗೆ ಒಳಗೆ ಸಿಮೆಂಟಿನ ನೆಲಕ್ಕೆ ನೀರು ಚೆಲ್ಲಿ ಜಾಗ ಮಾಡಿದ್ದೆ. ಹುಣಸೆ ಮರದ ಬುಡದಲ್ಲಿ ಮಣ್ಣಿನ ಬಾನಿ ಇಟ್ಟು ನೀರು ಬದಲಾಯಿಸುತ್ತಲೇ ಇರುತ್ತಿದ್ದೆ. ಅದನ್ನು ನೋಡಿ ಮುದುಕಿ ಅಜ್ಜಮ್ಮ, "ನಿನ್ ಗಂಡಂಗೂ ಇಷ್ಟು ಮಾಡಿದ್ಯೋ ಇಲ್ವೋ ಕಣೇ ಗಾದ್ರಿ" ಎಂದಳು.

"ನನ್ ಗಂಡಂಗೆ ಮೈಯೆಲ್ಲಾ ಬೆವರು ಬರ್ತಿತ್ತು, ಇದ್ಕೆ ಬರಲ್ಲ. ನಾಲಿಗೆ ಹೊರಗೆ ಹಾಕಂಡು ಏದುಸಿರು ಬಿಟ್ರಷ್ಟೇ ಇದ್ಕೆ ತಂಪು" ಎಂದೆ. ಡಬ್ಬಿ ಹಿಡಿದು ನಿಂತವರೆಲ್ಲ ನಕ್ಕರು.

ಆ ನಗುವಿನ ನಡುವೆಯೇ ದುರ್ಗಾಂಬಿಕಾ ಬಾಯಿ ಹಾಕಿದಳು. ಅವಳು ಎದುರು ಮನೆಯವಳು, ಅಡಿಕೆ ವ್ಯಾಪಾರದ ಮಹೇಶ್ವರಪ್ಪನವರ ಹೆಂಡತಿ. ಊರಿನಲ್ಲಿ ಮೂರಂತಸ್ತಿನ ಮನೆ ಅದೊಂದೇ. ಸಂಡಿಗೆಗೆ ಅಕ್ಕಿ ಬೀಸಿಸಲು ಬಂದಿದ್ದಳು.

"ಗಾದ್ರಮ್ಮ, ಒಂದಿನ ನಿನ್ ನಾಯಿ ಕಳಿಸು. ಮಂಗನ ಕಾಟ ತಡಿಯಾಕೆ ಆಗ್ತಿಲ್ಲ. ಹೋದ ಸಲ ಹಾಕಿದ ಸಂಡಿಗೆ ಅರ್ಧ ತಿಂದು ಅರ್ಧ ಎಳೆದಾಡಿ ಹೋದ್ವು. ಟೆರೇಸ್ ಮ್ಯಾಲೆ ಪೈಪಿಗೆ ಕಟ್ಟಿದ್ರೆ ಆತು, ಬೊಗಳ್ತಾ ಇರ್ತೈತೆ."

ನನಗೆ ಅಲ್ಲೇ ಪಿತ್ತ ನೆತ್ತಿಗೇರಿತು. "ಕಾದ ಕಾವಲಿ ಮ್ಯಾಲೆ ರೊಟ್ಟಿ ಹಾಕಿದಂಗೆ ನನ್ ನಾಯಿನ ಆರ್‌ಸಿಸಿ ಮ್ಯಾಲೆ ಹಾಕ್ತೀರೇನು ದುರ್ಗಕ್ಕ? ಸಂಡಿಗೆ ಅಷ್ಟು ಬೇಕಾಗಿದ್ರೆ ಕೋಲು ಹಿಡ್ಕಂಡು ನೀವೇ ಕುಂತ್ಕಳ್ರಿ. ಮಂಗಗಳು ನಿಮ್ಮನ್ನ ನೋಡಿದ್ರೂ ಹೆದರ್ತಾವೆ."

ಮತ್ತೆ ನಗು. ದುರ್ಗಾಂಬಿಕಾಳ ಮುಖ ಸಣ್ಣದಾಯಿತು. ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದಳು.

ಮರುದಿನ ಗಿರಣಿಯ ಬೆಲ್ಟು ಹರಿಯಿತು. ಹೊಸದು ತರಲು ಚನ್ನಗಿರಿಗೇ ಹೋಗಬೇಕು. ಅದರ ಮಾರನೆಯ ದಿನ ಬಾನಿ ತುಂಬಿಸಿ, ಅಮಲ್ದಾರ ಒಳಗೆ ಹೊರಗೆ ಓಡಾಡಲೆಂದು ಗಿರಣಿಯ ಬಾಗಿಲು ಅರ್ಧ ತೆರೆದಿಟ್ಟು, ಬೆಳಗಿನ ಬಸ್ಸು ಹತ್ತಿದೆ. ಅಂಗಡಿಯವನು ಸರಿಯಾದ ಅಳತೆಯ ಬೆಲ್ಟು ಹುಡುಕಿ ಕೊಡುವಷ್ಟರಲ್ಲಿ ಹೊತ್ತು ನೆತ್ತಿಯ ಮೇಲೆ ಬಂದಿತ್ತು.

ವಾಪಸ್ಸು ಬಂದು ಬಸ್ಸಿನಿಂದ ಇಳಿದಾಗ ಗಿರಣಿಯ ಮುಂದೆ ಜನ ಗುಂಪಾಗಿ ನಿಂತಿದ್ದರು. ಗಂಡಸರ ಕೈಯಲ್ಲಿ ದೊಣ್ಣೆ, ಅಡಿಕೆ ದಬ್ಬೆ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಜಗುಲಿ ಹತ್ತಿದ್ದರು. "ಹತ್ರ ಹೋಗಬೇಡ್ರೋ" ಎಂದು ಯಾರೋ ಕೂಗಿದರು. ಬೆಲ್ಟನ್ನು ಹೆಗಲಿಗೆ ಹಾಕಿಕೊಂಡೇ ಜನರನ್ನು ತಳ್ಳಿ ಮುಂದೆ ಹೋದೆ.

ಗಿರಣಿಯ ಗೋಡೆಗೆ ಒತ್ತಿಕೊಂಡು ಅಮಲ್ದಾರ ನಿಂತಿದ್ದ. ನಿಂತಿದ್ದ ಎನ್ನುವುದೂ ತಪ್ಪು, ತೂಗಾಡುತ್ತಿದ್ದ. ಹಿಂಗಾಲು ಮಡಚಿ ಬೀಳುತ್ತಿದ್ದ, ಏಳುತ್ತಿದ್ದ. ಬಾಯಿಂದ ಅಂಟಂಟು ಜೊಲ್ಲು ನೆಲದವರೆಗೂ ಇಳಿದಿತ್ತು. ನಾಲಿಗೆ ಕೆಂಪಿಟ್ಟಿಗೆಯ ಬಣ್ಣ. ಕಣ್ಣು ನನ್ನ ಕಡೆಗೇ ಇತ್ತು, ಆದರೆ ನನ್ನನ್ನು ಗುರುತಿಸಲಿಲ್ಲ. ಕಿವಿಯ ಹತ್ತಿರ ರಕ್ತ ಬರುತ್ತಿತ್ತು, ಆಗಲೇ ಯಾರೋ ಕಲ್ಲು ಹೊಡೆದಿದ್ದರು.

"ಯಾವನ್ಲೇ ಅವನು ಕಲ್ಲು ಹೊಡೆದೋನು!" ಎಂದು ಕಿರುಚಿದೆ.

ಕಲ್ಲೇಶಪ್ಪ ದೊಣ್ಣೆ ಅಡ್ಡ ಹಿಡಿದ. ಲಗೇಜ್ ಆಟೊ ಇಟ್ಟುಕೊಂಡು ಅಡಿಕೆ ಚೀಲ ಸಾಗಿಸುವವನು, ಕೆಟ್ಟವನಲ್ಲ. "ಗಾದ್ರಮ್ಮಾರೇ, ಹತ್ರ ಹೋಗಬೇಡ್ರಿ. ಹುಚ್ಚು ಹಿಡಿದೈತೆ ಅದ್ಕೆ. ನೋಡ್ರಿ, ಮುಂದೆ ನೀರು ಇಟ್ಟೀವಿ, ಮುಟ್ಟಾಕೆ ಒಲ್ಲದು. ನೀರು ಕಂಡ್ರೆ ಹಿಂದೆ ಸರೀತೈತೆ."

ಬಾನಿಯನ್ನು ಎಳೆದು ತಂದು ಅವನ ಮೂತಿಯ ಮುಂದೆ ಇಟ್ಟಿದ್ದರು. ನೀರಿಗೆ ಹೆದರಿದರೆ ಹುಚ್ಚು, ಕುಡಿದರೆ ಅಲ್ಲ: ಇದು ಇವರ ಪರೀಕ್ಷೆ. ಉಸಿರು ತೆಗೆದುಕೊಳ್ಳಲೂ ಆಗದೆ ಒದ್ದಾಡುವ ಜೀವ ನೀರು ನೆಕ್ಕುವುದು ಹೇಗೆಂದು ಒಬ್ಬನಾದರೂ ಯೋಚನೆ ಮಾಡಬೇಡವೇ? ಹೋದ ವರ್ಷ ಪಕ್ಕದೂರಿನಲ್ಲಿ ಹುಚ್ಚುನಾಯಿ ಒಂದು ಮಗುವನ್ನು ಕಚ್ಚಿತ್ತು. ಜನರ ಹೆದರಿಕೆ ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅಮಲ್ದಾರನಿಗೆ ವರ್ಷ ವರ್ಷವೂ ಹುಚ್ಚಿನ ಚುಚ್ಚುಮದ್ದು ಹಾಕಿಸಿದ್ದೆ, ಅದೂ ಇದೇ ಬೀದಿಯಲ್ಲಿ, ಇವರ ಕಣ್ಣ ಮುಂದೆಯೇ.

"ಚುಚ್ಚಿಸಿದ್ರೂ ಬರ್ತೈತಂತೆ" ಎಂದ ನಮ್ಮ ಬೀದಿಯ ನಿಂಗರಾಜ್. ಅವನ ಕೈಯಲ್ಲಿ ಎಲ್ಲರಿಗಿಂತ ದಪ್ಪ ದೊಣ್ಣೆ. "ನೀವು ಸರೀರಿ. ಒಂದೇಟಿಗೆ ಮುಗಿಸ್ತೀವಿ, ಅದ್ಕೂ ಹಿಂಸೆ ಬ್ಯಾಡ."

"ಮೊದ್ಲು ನನ್ನ ಮುಗಿಸು!" ಎಂದು ಬೆಲ್ಟನ್ನು ಬಿಚ್ಚಿ ಕೈಗೆ ಸುತ್ತಿಕೊಂಡೆ. ಅಷ್ಟು ದಪ್ಪದ ರಬ್ಬರ್ ಬೆಲ್ಟಿನ ಏಟು ಹೇಗಿರುತ್ತದೆಂದು ನಿಂಗರಾಜನಿಗೆ ಗೊತ್ತಾಗಿರಬೇಕು, ಹಿಂದೆ ಸರಿದ.

ನಾನು ಅಮಲ್ದಾರನನ್ನು ತಬ್ಬಿ ಒಳಗೆ ಎಳೆದುಕೊಂಡೆ. ಕೈ ಇಟ್ಟ ಕಡೆಯೆಲ್ಲ ಸುಟ್ಟಿತು, ಒಲೆಯಿಂದ ಇಳಿಸಿದ ಪಾತ್ರೆಯನ್ನು ಮುಟ್ಟಿದ ಹಾಗಾಯಿತು. ಅಜ್ಜಮ್ಮ ಒಬ್ಬಳೇ ಧೈರ್ಯ ಮಾಡಿ ನನ್ನ ಹಿಂದೆ ಬಂದಳು. ಬಾಗಿಲು ಹಾಕಿ, ಚನ್ನಗಿರಿಯ ಪಶು ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಅಷ್ಟರಲ್ಲಿ ಅಜ್ಜಮ್ಮ ಗೋಣಿಚೀಲ ಒದ್ದೆ ಮಾಡಿ ಅವನ ಮೈಮೇಲೆ ಹೊದಿಸಿದಳು.

"ಗೋಣಿ ತೆಗೀರಿ ಮೊದಲು" ಎಂದರು ಡಾಕ್ಟರಮ್ಮ. "ಹೊದಿಸಿದರೆ ಒಳಗಿನ ಕಾವು ಹೊರಗೆ ಹೋಗಲ್ಲ. ನೀರು ಸುರೀತಾ ಇರಿ, ಹೊಟ್ಟೆಗೆ, ಕಾಲ ಸಂದಿಗೆ, ಪಾದಕ್ಕೆ. ಫ್ಯಾನು ಹಾಕಿ. ಐಸ್ ಬೇಡ, ಬಾಯಿಗೆ ಒತ್ತಾಯ ಮಾಡಿ ನೀರು ಹಾಕಬೇಡಿ. ಹಾಗೇ ಗಾಡೀಲಿ ಹಾಕ್ಕೊಂಡು ಬಂದುಬಿಡಿ, ಡ್ರಿಪ್ ಹಾಕಲೇಬೇಕು. ತಡ ಮಾಡಬೇಡಿ."

ಪಾದಕ್ಕೆ ನೀರು ಸುರಿಯಲು ಕಾಲು ಎತ್ತಿದೆ. ಅಂಗಾಲಿನ ಕರಿ ಚರ್ಮ ಸುಲಿದು ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು, ನಾಲ್ಕು ಕಾಲೂ ಹಾಗೆಯೇ. ಬೆರಳ ಸಂದಿಯಲ್ಲಿ ಏನೋ ಬಿಳಿಯ ಹಿಟ್ಟು ಒಣಗಿ ಗಟ್ಟಿಯಾಗಿ ಅಂಟಿತ್ತು. ಉಗುರಿನಿಂದ ಕೆರೆದು ನೋಡಿದೆ. ಜೀರಿಗೆ, ಹಸಿಮೆಣಸಿನಕಾಯಿಯ ಚೂರು. ಕತ್ತಿನಲ್ಲಿ ಕಡಿದುಕೊಂಡ ನೈಲಾನ್ ಹಗ್ಗದ ತುಂಡು, ನಾನು ಕಟ್ಟಿದ್ದಲ್ಲ.

ಆ ಹಿಟ್ಟು ಯಾರ ಮನೆಯದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನೇ ಬೀಸಿಕೊಟ್ಟ ಅಕ್ಕಿ.

ಅಜ್ಜಮ್ಮನ ಕೈಗೆ ನೀರಿನ ಕೊಡ ಕೊಟ್ಟು ಹೊರಗೆ ಬಂದೆ. ದುರ್ಗಾಂಬಿಕಾ ತನ್ನ ಮನೆಯ ಗೇಟಿನ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಬಸ್ಸಿಳಿದು ಬಂದಾಗಿನಿಂದ ಅಲ್ಲೇ ನಿಂತಿದ್ದಳು, ಈಗ ನೆನಪಾಯಿತು. ಇಷ್ಟು ಜನ ದೊಣ್ಣೆ ಎತ್ತಿದಾಗಲೂ ನಿಂತಿದ್ದಳು. 'ಅದು ಬಿಸಿಲಿಗೆ ಹಿಂಗಾಗೈತೆ, ನಾನೇ ಮ್ಯಾಲೆ ಕಟ್ಟಿದ್ದೆ' ಎಂಬ ಎರಡು ಮಾತು ಆಡಿದ್ದರೆ ಎಲ್ಲರೂ ದೊಣ್ಣೆ ಬಿಸಾಕುತ್ತಿದ್ದರು. ಆಡಲಿಲ್ಲ.

ಮೊದಲು ಕಲ್ಲೇಶಪ್ಪನನ್ನು ಕೇಳಿದೆ. "ಆಟೊ ತಗಂಡು ಬಾ ಕಲ್ಲೇಶಣ್ಣ, ಚನ್ನಗಿರಿಗೆ ಹೋಗಬೇಕು."

"ಹುಚ್ಚುನಾಯಿನ ಹೆಂಗೆ ಹಾಕ್ಕಂಡು ಹೋಗಾಕೆ ಆಗ್ತೈತಮ್ಮ? ಅದೇ ಗಾಡೀಲಿ ನಾಳೆ ನನ್ ಮಕ್ಳು ಕುಂದ್ರಬೇಕು."

"ಹುಚ್ಚಲ್ಲ ಅಂತೀನಿ. ಬಿಸಿಲು ಹೊಡೆದೈತೆ. ಟೆರೇಸ್ ಮ್ಯಾಲೆ ಕಟ್ಟಿ ಸಾಯ್ಸಾರೆ ಅದ್ನ. ಕೇಳು ಈ ದುರ್ಗಕ್ಕನ್ನ!"

ಎಲ್ಲರೂ ತಿರುಗಿದರು. ದುರ್ಗಾಂಬಿಕಾ ಸೆರಗು ತೆಗೆದಳು. "ನಂಗೇನು ಗೊತ್ತು? ನಿನ್ ನಾಯಿ ಎಲ್ಲೆಲ್ಲಿ ತಿರುಗ್ತೈತೋ."

ಸಿಟ್ಟಿನಲ್ಲಿ ಕಣ್ಣು ಕತ್ತಲಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ, ಎಲ್ಲವೂ ನಿಚ್ಚಳವಾಗಿ ಕಂಡಿತು. ಅವಳ ಬಾಯಿಂದ ಸತ್ಯ ಬರುವುದಿಲ್ಲ. ಸತ್ಯ ಬರದೆ ಆಟೊ ಬರುವುದಿಲ್ಲ. ಆಟೊ ಬರದಿದ್ದರೆ ಒಳಗಿರುವವನು ಉಳಿಯುವುದಿಲ್ಲ. ಹೋಗಿ ಅವಳ ರಟ್ಟೆ ಹಿಡಿದೆ. ಇಷ್ಟು ವರ್ಷ 'ನೀವು' ಎಂದೇ ಮಾತಾಡಿಸಿದ್ದೆ, ಆ ಕ್ಷಣ ಅದು ಬಿದ್ದುಹೋಯಿತು. "ಹಂಗಾದ್ರೆ ನಡಿ ಮ್ಯಾಲೆ. ನಿನ್ ಟೆರೇಸ್ ತೋರ್ಸು. ಕಲ್ಲೇಶಣ್ಣ ಬಾ, ನಿಂಗರಾಜ ಬಾ. ದೊಣ್ಣೆ ಹಿಡಿದೋರೆಲ್ಲ ಬರ್ರಿ!"

ಮೆಟ್ಟಿಲು ಮನೆಯ ಹೊರಗಡೆಯಿಂದಲೇ ಇತ್ತು. ಜನ ದಡದಡ ಹತ್ತತೊಡಗಿದರು. ಆಗ ದುರ್ಗಾಂಬಿಕಾಳ ಬಾಯಿಂದ ತಾನಾಗಿ ಬಂತು: "ಚಪ್ಪಲಿ ಬಿಟ್ಟು ಹತ್ರಿ, ಸಂಡಿಗೆ ಐತೆ."

ಸಂಡಿಗೆ ಹಾಕಿದ ಕಡೆ ಚಪ್ಪಲಿ ಮೆಟ್ಟಿ ಹೋಗುವ ಪದ್ಧತಿ ನಮ್ಮ ಯಾರ ಮನೆಯಲ್ಲೂ ಇಲ್ಲ. ದೊಣ್ಣೆ ಹಿಡಿದ ಗಂಡಸರು ಮೆಟ್ಟಿಲ ಬುಡದಲ್ಲಿ ಸಾಲಾಗಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದರು.

ಮೇಲೆ ಕಾಲಿಟ್ಟ ಕೂಡಲೇ ಕಲ್ಲೇಶಪ್ಪ "ಅಯ್ಯಯ್ಯೋ ಅವ್ವಾ!" ಎಂದು ಕುಣಿದ. ನಿಂಗರಾಜ್ ಒಂದು ಕಾಲು ಎತ್ತಿ ಇನ್ನೊಂದು ಇಟ್ಟ, ಅದನ್ನು ಎತ್ತಿ ಇದನ್ನು ಇಟ್ಟ. ನೀರಿನ ಟ್ಯಾಂಕಿನ ಪಕ್ಕ ಒಂದಿಷ್ಟು ನೆರಳಿತ್ತು. ದೊಡ್ಡ ದೊಡ್ಡ ಮೀಸೆಯ ಗಂಡಸರು ದೊಣ್ಣೆ ಬಿಸಾಕಿ ಅಲ್ಲಿಗೆ ಹಾರಿ ಒಬ್ಬರ ಮೇಲೊಬ್ಬರು ಬಿದ್ದು ನಿಂತರು. ನಾನು ಬಿಸಿಲಿನಲ್ಲೇ ನಿಂತೆ. ನನ್ನ ಅಂಗಾಲು ಸುಡುತ್ತಿತ್ತು, ಸುಡಲಿ ಎಂದೇ ನಿಂತೆ.

ಹಳೆಯ ಪಂಚೆಯ ಮೇಲೆ ಸಂಡಿಗೆ ಸಾಲು ಸಾಲಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ತುಳಿದು ರಾಡಿಯಾಗಿ, ನಾಯಿಯ ಹೆಜ್ಜೆ ಒಣಗಿ ಅಚ್ಚಾಗಿತ್ತು. ಪಕ್ಕದ ಪೈಪಿಗೆ ಕಟ್ಟಿದ್ದ ನೈಲಾನ್ ಹಗ್ಗದ ತುದಿ ಕಡಿದುಹೋಗಿತ್ತು. ಒಂದು ಸ್ಟೀಲ್ ಬೋಗುಣಿ ಮಗುಚಿ ಬಿದ್ದಿತ್ತು, ಒಳಗೆ ಹನಿ ನೀರಿಲ್ಲ. ಕಲ್ಲೇಶಪ್ಪ ನೆರಳಿನಲ್ಲಿ ನಿಂತೇ ಹಗ್ಗದ ಉದ್ದ ನೋಡಿದ. ಆ ಹಗ್ಗ ನೆರಳಿನ ತನಕ ಮುಟ್ಟುತ್ತಿರಲಿಲ್ಲ.

"ಈಗ ಹೇಳ್ರಿ!" ಎಂದೆ. ನನ್ನ ದನಿ ಊರಾಚೆಯ ತೋಟದವರೆಗೂ ಕೇಳಿರಬೇಕು. "ಒಂದು ಗಳಿಗೆ ನಿಲ್ಲಾಕೆ ಆಗ್ಲಿಲ್ಲ ನಿಮ್ ಕೈಲಿ. ಅದ್ನ ಬೆಳಗ್ಗಿಂದ ಇಲ್ಲಿ ಕಟ್ಟಿದ್ಲು ಇವ್ಳು. ಹಗ್ಗ ಕಡ್ಕಂಡು, ಬೆಂದ ಕಾಲಲ್ಲಿ ತನ್ ಮನೆಗೆ ಓಡಿ ಬಂದ್ರೆ ಅಲ್ಲಿ ನೀವು ದೊಣ್ಣೆ ಹಿಡ್ಕಂಡು ನಿಂತೀರಿ! ಹುಚ್ಚು ಅದ್ಕೆ ಹಿಡಿದಿತ್ತೋ, ನಿಮಗೆ ಹಿಡಿದಿತ್ತೋ?"

ದುರ್ಗಾಂಬಿಕಾ ಮೆಟ್ಟಿಲ ಬಾಗಿಲಲ್ಲೇ ಉಳಿದಿದ್ದಳು, ಟೆರೇಸಿನ ಮೇಲೆ ಕಾಲೇ ಇಟ್ಟಿರಲಿಲ್ಲ. ಅವಳಿಗೆ ಗೊತ್ತಿತ್ತಲ್ಲ ನೆಲ ಹೇಗಿದೆಯೆಂದು. ಕಲ್ಲೇಶಪ್ಪ ಟ್ಯಾಂಕಿನ ನೆರಳಿಂದ ಹಾರಿ ಅವಳನ್ನು ದಾಟಿ, ಚಪ್ಪಲಿಯನ್ನೂ ಮೆಟ್ಟದೆ ಆಟೊ ತರಲು ಓಡಿದ.

ಆಟೊದ ಹಿಂದಿನ ಡಬ್ಬದಲ್ಲಿ ಒದ್ದೆ ನೆಲದ ಮೇಲೆ ಅಮಲ್ದಾರನನ್ನು ಮಲಗಿಸಿ, ಕೊಡದಲ್ಲಿ ನೀರಿಟ್ಟುಕೊಂಡು ನಾನು ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಹೊಟ್ಟೆಗೆ ನೀರು ಹಾಕುತ್ತಲೇ ಇದ್ದೆ. ಕಲ್ಲೇಶಪ್ಪ ಹಳ್ಳ ಉಬ್ಬು ನೋಡದೆ ಓಡಿಸಿದ. ಊರು ದಾಟಿದ ಮೇಲೆ ಹಿಂದಕ್ಕೆ ತಿರುಗದೆ ಕೂಗಿ ಹೇಳಿದ:

"ಗಾದ್ರಮ್ಮಾರೇ, ಒಂದ್ ಮಾತು. ನಾವು ಯಾರೂ ಮೊದ್ಲು ನೋಡಿರ್ಲಿಲ್ಲ. ಅದು ಬೀದೀಲಿ ತೂರಾಡ್ತಾ ಬಂತು, ದುರ್ಗಕ್ಕ ಹಿಂದಿಂದ 'ಹುಚ್ಚುನಾಯಿ, ಹುಚ್ಚುನಾಯಿ, ಹೊಡೀರೋ' ಅಂತ ಕೂಗಿದ್ರು. ಅದ್ಕೇ ನಾವು ದೊಣ್ಣೆ ತಗಂಡಿದ್ದು."

ಅಲ್ಲಿಯವರೆಗೆ ಅವಳು ಸುಮ್ಮನಿದ್ದಳು ಎಂದು ಮಾತ್ರ ತಿಳಿದಿದ್ದೆ. ತಾನು ಕಟ್ಟಿದ್ದು ಯಾರಿಗೂ ಗೊತ್ತಾಗಬಾರದೆಂದು ಅವನನ್ನು ಕೊಲ್ಲಿಸಲು ಹೊರಟಿದ್ದಳು. ಸತ್ತರೆ ಹುಚ್ಚುನಾಯಿ ಸತ್ತಿತು, ಕತೆ ಮುಗಿಯಿತು. ನನಗೆ ಬಂದ ಬೈಗುಳವನ್ನೆಲ್ಲ ಆ ಆಟೊದ ಹಿಂದೆ ಕೂತು ಬೈದೆ. ಇಲ್ಲಿ ಬರೆಯಲಾಗದ ಮಾತುಗಳನ್ನೂ ಬೈದೆ. ಬೈಯುತ್ತಾ ಬೈಯುತ್ತಾ ಅವನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ, ಉಸಿರು ಏರಿಳಿಯುವುದು ಕೈಗೆ ಗೊತ್ತಾಗುತ್ತಿತ್ತು.

ಡಾಕ್ಟರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಮೇಜಿನ ಮೇಲೆ ಹಾಕಿ, ಡ್ರಿಪ್ ಚುಚ್ಚಿ, ಫ್ಯಾನು ಹತ್ತಿರ ತಂದರು. ಮಾಡಬೇಕಾದ್ದನ್ನೆಲ್ಲ ಮಾಡಿದರು. ಅಮಲ್ದಾರನ ಬಾಯಿಂದ, ಹಿಂದಿನಿಂದ ರಕ್ತ ಬರತೊಡಗಿತು. ಒಮ್ಮೆ ಮೈ ಸೆಟೆದುಕೊಂಡಿತು. ಆಮೇಲೆ ಸಡಿಲಾಯಿತು.

"ಒಳಗೆಲ್ಲಾ ಬೆಂದುಹೋಗಿದೆ" ಎಂದರು ಡಾಕ್ಟರಮ್ಮ, ಕೈಗವಸು ತೆಗೆಯುತ್ತಾ. "ಇನ್ನೂ ಸ್ವಲ್ಪ ಮುಂಚೆ ತಂದಿದ್ದರೆ ಉಳಿಸಬಹುದಿತ್ತೇನೋ. ಯಾಕೆ ತಡವಾಯ್ತು?"

ಅಮಲ್ದಾರನ ಕತ್ತಿನಲ್ಲಿ ಉಳಿದಿದ್ದ ನೈಲಾನ್ ಹಗ್ಗದ ತುಂಡನ್ನು ಬಿಚ್ಚಿ ಅವರ ಮುಂದೆ ಇಟ್ಟೆ.

ಕಲ್ಲೇಶಪ್ಪನೇ ನಮ್ಮ ತೋಟದ ಬದುವಿನಲ್ಲಿ ಗುಂಡಿ ತೋಡಿದ. ನಿಂಗರಾಜ್ ಬಂದು ದೂರದಲ್ಲಿ ನಿಂತಿದ್ದ, ಹತ್ತಿರ ಬರುವ ಧೈರ್ಯವಾಗಲಿಲ್ಲ. ಮಣ್ಣು ಮುಚ್ಚಿ ವಾಪಸ್ಸು ಬಂದಾಗ ಗಿರಣಿಯ ಮುಂದೆ ಬಿಸಿಲು ಇಳಿದಿತ್ತು. ದುರ್ಗಾಂಬಿಕಾ ನನ್ನ ಬಾಗಿಲಲ್ಲಿ ಒಬ್ಬಳೇ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

ಆ ಹೊತ್ತಿನಲ್ಲಿ ಅವಳನ್ನು ಅಲ್ಲಿಯೇ ಹರಿದುಹಾಕುವಷ್ಟು ಸಿಟ್ಟಿತ್ತು ನನಗೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವುದರೊಳಗೆ ಅವಳೇ ಶುರು ಮಾಡಿದಳು.

"ಮಧ್ಯಾಹ್ನದೊಳಗೆ ಬಿಚ್ಚಣ ಅಂತಿದ್ದೆ ಗಾದ್ರಮ್ಮ, ಒಲೆ ಮುಂದೆ ಮರೆತುಹೋತು. ಅದು ಇಳಿದು ಬಂದಾಗ ನೋಡಿ ನಂಗೆ ಕೈಕಾಲು ಆಡ್ಲಿಲ್ಲ. ನೀನು ಬಸ್ಸಿಳಿದು ಬರೋದು ಕಂಡ್ಮ್ಯಾಲೂ ಹೇಳಣ ಅಂತ ಬಾಯಿಗೆ ಬಂದಿತ್ತು. ಆದ್ರೆ ನಿನ್ ಬಾಯಿಗೆ ಹೆದ್ರಿದೆ. ಮೊನ್ನೆ ಅಷ್ಟು ಹೆಂಗಸರ ಮುಂದೆ ಹೆಂಗೆ ಅಂದೆ ನನ್ನ. ಇದನ್ನೂ ಹೇಳಿದ್ರೆ ಬೀದೀಲಿ ನಿಲ್ಸಿ ಮಾನ ತೆಗೀತಿದ್ದೆ."

ಹೌದು, ತೆಗೆಯುತ್ತಿದ್ದೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬೀದಿಯಲ್ಲಿ ನಿಲ್ಲಿಸಿ, ಅವಳ ಹಿಂದಿನ ಏಳು ತಲೆಮಾರನ್ನೂ ಎಳೆದು ತಂದು ಬೈಯುತ್ತಿದ್ದೆ. ಊರೆಲ್ಲ ನಿಂತು ನೋಡುತ್ತಿತ್ತು. ಅವಳು ತಿಂಗಳುಗಟ್ಟಲೆ ಗಿರಣಿಯ ಕಡೆ ತಲೆ ಹಾಕುತ್ತಿರಲಿಲ್ಲ. ಅಮಲ್ದಾರ ಮಾತ್ರ ಆ ಹೊತ್ತಿಗೆ ಆಟೊದಲ್ಲಿರುತ್ತಿದ್ದ.

ಜೋಡಿಸಿಕೊಂಡು ಬಂದಿದ್ದ ಒಂದು ಮಾತೂ ನೆನಪಾಗಲಿಲ್ಲ. ಅವಳೆದುರು ನೆಲದಲ್ಲಿ ಕೂತೆ. ಅವಳು ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಬೈಗುಳಕ್ಕೆ ಕಾಯುತ್ತಿದ್ದಳು. ಮಧ್ಯಾಹ್ನ ಒಂದು ನಾಯಿಯ ಮೇಲೆ ಊರನ್ನೇ ಛೂ ಬಿಟ್ಟವಳು, ಈಗ ನನ್ನ ಬಾಯಿಗೆ ನಡುಗುತ್ತಾ ಕೂತಿದ್ದಳು.

"ನಾನು ಬೈದಿದ್ರೆ ನೀವು ಸಾಯ್ತಿರ್ಲಿಲ್ಲ ದುರ್ಗಕ್ಕ" ಎಂದೆ.

ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ನಾನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. "ಬೈಯಿ ಗಾದ್ರಮ್ಮ" ಎಂದಳು. "ಒಂದಾದ್ರೂ ಬೈಯಿ."

ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.